ಚಿಂದಿಯದು ಬೆಳೆಯೋ ಮೈ

ನಮ್ಮನೆಯವರು ಟೈಲರು. ಎದುರಿಗೆ ಬಂದವರ ಮುಖ ನೋಡುವ ಮೊದಲು ಭುಜ ನೋಡುವ ಮನುಷ್ಯ ಬೇರೆ ಇನ್ನೇನಾಗಿರಲು ಸಾಧ್ಯ? ಮದುವೆಗೆ ಮುಂಚೆ ನಾವಿಬ್ಬರೂ ಮೊದಲ ಸಲ ಎದುರುಬದುರು ನಿಂತಾಗ ಅವರ ಬಾಯಿಂದ ಬಂದ ಮಾತು, ನಿಮ್ಮ ಅಂಗಿಯ ಎಡತೋಳು ಕಂಕುಳಲ್ಲಿ ಹಿಡಿಯುತ್ತಿದೆ, ಬಿಚ್ಚಿ ಹೊಲಿದುಕೊಡಲೇ ಎಂದು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ನನಗೆ ಕೋಪ ಬಂತು. ನನಗೆ ಬರುವುದೇ ಅದು. ಆದರೂ ಅಂಗಿ ಕೊಟ್ಟೆ, ಅವರು ಹೊಲಿದುಕೊಟ್ಟರು, ಅವತ್ತಿನಿಂದ ನನ್ನ ಯಾವ ಬಟ್ಟೆಯೂ ಎಲ್ಲೂ ಹಿಡಿದಿಲ್ಲ.

ನಮ್ಮ ಅಂಗಡಿ ಒಂದು ಓಣಿಯಷ್ಟೇ ಅಗಲ. ಬೀದಿ ಕಡೆಯ ಕಿಟಕಿಗೆ ಅವರ ಮಿಷನ್ನು, ಅದರ ಹಿಂದೆ ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಬಳಿ ನನ್ನ ಸ್ಟೂಲು. ಹೊಲಿಗೆ ಅವರದು. ಕಾಜಾ, ಗುಂಡಿ, ಗಿರಾಕಿಗಳ ಜೊತೆ ಜಗಳ ನನ್ನ ಪಾಲು. ಈ ಮನುಷ್ಯನಿಗೆ ಜಗಳ ಬರುವುದೇ ಇಲ್ಲ. ಯಾರಾದರೂ ಹಳೇ ಪ್ಯಾಂಟು ತಂದು, ಸೊಂಟ ಬಿಗಿಯುತ್ತಿದೆ ಎಂದರೆ ಇವರು ಅವರ ಹೊಟ್ಟೆಯ ಕಡೆ ಕಣ್ಣೆತ್ತಿಯೂ ನೋಡದೆ, ಬಟ್ಟೆ ನೀರಿಗೆ ಕುಗ್ಗಿದೆ ಸಾರ್, ನಿಮ್ಮ ತಪ್ಪೇನಿಲ್ಲ, ಎಂದುಬಿಡುತ್ತಾರೆ. ಅವರು ಖುಷಿಯಿಂದ ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಇದುವರೆಗೆ ಯಾರೂ ದಪ್ಪಗಾಗಿಲ್ಲ. ಬಟ್ಟೆಗಳು ಮಾತ್ರ ಕುಗ್ಗುತ್ತಲೇ ಇವೆ.

ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಯಾರ ಬಟ್ಟೆ ಹೊಲಿದರೂ ಅಳತೆಗಿಂತ ಎರಡು ಬೆರಳು ಹೆಚ್ಚು ಬಿಡುತ್ತಾರೆ. ಶಾಲೆ ಮಕ್ಕಳಿಗೆ ಬಿಟ್ಟರೆ ಸರಿ. ಇವರು ನಿವೃತ್ತರಾದ ಪೋಸ್ಟ್‌ಮ್ಯಾನಿಗೂ ಬಿಡುತ್ತಾರೆ, ಆ ಪೋಸ್ಟ್‌ಮ್ಯಾನಿನ ತಾಯಿಗೂ ಬಿಡುತ್ತಾರೆ. ಆ ಮುದುಕಿ ಇನ್ನೆಲ್ಲಿಗೆ ಬೆಳೀತಾಳೆ ಎಂದು ಕೇಳಿದರೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಬೆಳೆಯೋ ಮೈ ಕಣೇ" ಅನ್ನುತ್ತಾರೆ. ಅದಕ್ಕಿಂತ ಹೆಚ್ಚು ವಿವರಣೆ ನನಗೆ ಯಾವತ್ತೂ ಸಿಕ್ಕಿಲ್ಲ.

ಚಿಂದಿ ಬಂದದ್ದು ಚಿಂದಿ ಮೂಟೆಯಿಂದಲೇ. ಕತ್ತರಿಸಿ ಉಳಿದ ತುಂಡುಬಟ್ಟೆಯನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಟ್ಟು ದಿಂಬು ಮಾಡುವವರಿಗೆ ಕೊಡುತ್ತೇವೆ. ಒಂದು ಬೆಳಗ್ಗೆ ಆ ಮೂಟೆ ಎತ್ತಲು ಹೋದರೆ ಮೂಟೆಯೇ ಅಲುಗಾಡಿತು. ನಾನು ಕಿರುಚಿಕೊಂಡ ಸದ್ದಿಗೆ ಎದುರಿನ ಸಲೂನಿನವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಓಡಿಬಂದ. ಒಳಗಿದ್ದದ್ದು ಅಂಗೈ ಅಗಲದ ಕರೀ ನಾಯಿಮರಿ. ನಾಯಿ ಗೀಯಿ ನಮಗೆ ಬೇಡ, ಕೂದಲೆಲ್ಲ ಬಟ್ಟೆಗೆ ಹತ್ತುತ್ತದೆ ಎಂದು ನಾನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅದು ಹೋಗಿ ಮಿಷನ್ನಿನ ಕೆಳಗೆ ಮಲಗಿತ್ತು. ನನ್ನ ಮಾತಿಗೆ ಈ ಮನೆಯಲ್ಲಿ ಇರುವ ಬೆಲೆ ಅಷ್ಟು.

ಮೋಟಾರ್ ಮಿಷನ್ನಿಗೆ ಬಲಗಾಲು ಸಾಕು. ಎಡಗಾಲು ಸುಮ್ಮನೆ ಚಾಚಿಕೊಂಡಿರುತ್ತದೆ. ಚಿಂದಿ ಆ ಎಡಪಾದದ ಮೇಲೆ ಗದ್ದ ಇಟ್ಟು ಮಲಗುವುದನ್ನು ಕಲಿತಳು. ಮರಿಯಾಗಿದ್ದಾಗ ಇಟ್ಟ ಗದ್ದವನ್ನು ಮುದಿಯಾದರೂ ತೆಗೆಯಲಿಲ್ಲ. ಇವರೋ, ಕಾಲು ಜೋಮು ಹಿಡಿದರೂ ಅಲ್ಲಾಡಿಸುವವರಲ್ಲ. ಫೋನು ಹೊಡೆದುಕೊಳ್ಳುತ್ತಿದ್ದರೆ ಕೂತಲ್ಲಿಂದಲೇ ನನಗೆ ಕೈಸನ್ನೆ. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಇವರು ಕುಂಟುತ್ತಾ, ಅವಳು ಬಾಲ ಎತ್ತಿಕೊಂಡು ಮುಂದೆ ಮುಂದೆ. ಚಳಿಗೆ ಅವಳಿಗೊಂದು ಚೌಕಳಿ ಕೋಟು ಹೊಲಿದಿದ್ದರು. ಒಂದೊಂದು ಗುಂಡಿ ಒಂದೊಂದು ಬಣ್ಣ, ಬೀದಿಯವರೆಲ್ಲರ ಅಂಗಿಯಿಂದ ಮಿಕ್ಕಿದ್ದು. ಕಾಜಾ ನನ್ನ ಕೈಯದು. ನಾಯಿಗೆ ಕಾಜಾ ಹಾಕುವ ಗತಿ ಬಂತಲ್ಲ ಎಂದು ಗೊಣಗುತ್ತಲೇ ಹಾಕಿದ್ದೆ, ಆದರೆ ಅಷ್ಟು ಒಪ್ಪವಾದ ಕಾಜಾ ನಾನು ಮದುವೆ ಸೂಟಿಗೂ ಹಾಕಿಲ್ಲ.

ಅವಳು ಹೋದದ್ದು ಒಂದು ಮಧ್ಯಾಹ್ನ, ನಿದ್ದೆಯಲ್ಲೇ, ಅದೇ ಕಾಲಿನ ಮೇಲೆ. ಇವರು ಗೊತ್ತಾಗದೆ ಒಂದು ಕಾಲರ್ ಪೂರ್ತಿ ಹೊಲಿದು ಮುಗಿಸಿದ್ದರು. ತುಂಬಾ ವಯಸ್ಸಾಗಿತ್ತು, ನೋವು ಪಡಲಿಲ್ಲ, ಎಲ್ಲರೂ ಅದನ್ನೇ ಹೇಳಿದರು. ನಾನೂ ಹೇಳಿದೆ. ಹೇಳಿ ಒಳಗೆ ಹೋಗಿ ಕಣ್ಣು ಬಾತುಕೊಳ್ಳುವಷ್ಟು ಅತ್ತೆ.

ಅಲ್ಲಿಂದ ಇವರ ಹೊಲಿಗೆ ಕೆಟ್ಟಿತು. ಮಿಷನ್ನಿಗೆ ಕೂತರೆ ಎಡಗಾಲು ಎಲ್ಲಿಡಬೇಕೆಂದೇ ತಿಳಿಯದು. ಮುಂದೆ ಚಾಚುವುದು, ಹಿಂದೆಳೆಯುವುದು, ಸ್ಟೂಲಿನ ಕೆಳಗೆ ಮಡಚುವುದು. ಹೊಲಿಗೆ ಹಾವಿನ ಹಾಗೆ ಹರಿಯುವುದು. ಬಿಚ್ಚುವುದು, ಮತ್ತೆ ಹೊಲಿಯುವುದು, ಮತ್ತೆ ಬಿಚ್ಚುವುದು. ಕೊನೆಗೆ ಬಂದ ಬಟ್ಟೆಯನ್ನೆಲ್ಲ ವಾಪಸು ಕೊಡಲು ಶುರುಮಾಡಿದರು. ಒಂದು ದಿನ, ಅಂಗಡಿ ಯಾರಿಗಾದರೂ ಬಾಡಿಗೆಗೆ ಕೊಟ್ಟುಬಿಡೋಣ, ನನಗೆ ಸಾಕಾಯಿತು ಎಂದರು. ಊಟವಿಲ್ಲದೆ ಈ ಮನುಷ್ಯ ಇದ್ದಾರು. ಕೈಯಲ್ಲಿ ಬಟ್ಟೆ ಇಲ್ಲದೆ ಇರಲಾರರು. ಇನ್ನೊಂದು ನಾಯಿ ತರೋಣ ಎಂದೆ. ನನ್ನನ್ನು ನೋಡಿದ ನೋಟಕ್ಕೆ ನಾನೇ ತಲೆ ತಗ್ಗಿಸಿದೆ.

ಚಿಂದಿಯ ಶಿಲ್ಪ ಮಾಡಿಸುವ ವಿಚಾರ ತೆಗೆದವನು ಸಲೂನಿನವನು. ಬಸ್ ಡಿಪೋ ಹಿಂದೆ ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಂಗಸು ಮಣ್ಣಿನಲ್ಲಿ ಮೂರ್ತಿ ಮಾಡುತ್ತಾಳೆ, ಮೂರ್ತಿಯಮ್ಮ ಅಂತಲೇ ಎಲ್ಲರೂ ಕರೆಯುವುದು, ನನ್ನಲ್ಲೇ ಕೂದಲು ಕತ್ತರಿಸಿಕೊಳ್ಳುವುದು, ಮಾತು ಸ್ವಲ್ಪ ಒರಟು, ಕೈ ಚಿನ್ನ, ಎಂದ. ನಮ್ಮನೆಯವರು ಬೇಡ ಎನ್ನಲಿಲ್ಲ. ಸುಮ್ಮನೆ ಎದ್ದು ಚಪ್ಪಲಿ ಹಾಕಿಕೊಂಡರು. ಎಷ್ಟೋ ದಿನದ ಮೇಲೆ ಅವರಿಗೆ ಎಲ್ಲಿಗಾದರೂ ಹೋಗಬೇಕು ಅನ್ನಿಸಿದ್ದನ್ನು ಕಂಡು, ನಾನೂ ಬಾಯಿ ಮುಚ್ಚಿಕೊಂಡು ಹಿಂದೆ ಹೊರಟೆ.

ಶೆಡ್ಡಿನೊಳಗೆ ಎಲ್ಲಿ ನೋಡಿದರೂ ತಲೆಗಳು. ಒದ್ದೆ ಬಟ್ಟೆ ಹೊದ್ದ ತಲೆಗಳು, ಮೂಗಿಲ್ಲದ ತಲೆಗಳು, ಶಾಲೆಯ ಅಂಗಳಕ್ಕೆ ಹೋಗಬೇಕಾದ ಒಬ್ಬ ಹೆಡ್‌ಮಾಸ್ಟರು. ಮೂರ್ತಿಯಮ್ಮ ಭಾರೀ ಆಳು, ಹಣೆಯಲ್ಲಿ ಒಣಗಿದ ಮಣ್ಣು, ಸೊಂಟಕ್ಕೆ ಗೋಣಿಚೀಲದ ತುಂಡು ಸುತ್ತಿಕೊಂಡಿದ್ದಳು. ನಾಯಿಯ ಫೋಟೋ ಕೊಡಿ ಎಂದಳು. ಫೋನಿನಲ್ಲಿ ಇದ್ದದ್ದು ಒಂದೇ ಒಂದು. ಕರೀ ನಾಯಿ, ಕತ್ತಲೆ ಮೇಜಿನ ಕೆಳಗೆ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವಳು ಫೋನನ್ನು ಹಿಂದೆ ಮುಂದೆ ತಿರುಗಿಸಿ, ಇದು ನಾಯಿಯೋ ಎರಡು ಗುಂಡಿಯೋ ಎಂದು ಕೇಳಿದಳು.

ಆಗ ನಮ್ಮನೆಯವರು ಚೀಲದಿಂದ ಚೌಕಳಿ ಕೋಟು ತೆಗೆದರು. ಬೆನ್ನು, ಎದೆಸುತ್ತು, ಕತ್ತು, ಎಲ್ಲ ಅಳತೆ ಇದರಲ್ಲೇ ಇದೆ ಎಂದರು. ಮೂರ್ತಿಯಮ್ಮ ಅದನ್ನು ಎತ್ತಿ ಹಿಡಿದು, ಗುಂಡಿಗಳನ್ನೆಲ್ಲ ಒಂದೊಂದಾಗಿ ನೋಡಿ, ಕಾಜಾ ಹಾಕಿದ್ದು ಯಾರು ಎಂದಳು. ಆ ಕ್ಷಣಕ್ಕೆ ನನಗೆ ಅವಳ ಮೇಲೆ ಪ್ರೀತಿ ಬಂತು. ಚಿಂದಿ ಹೇಗೆ ಮಲಗುತ್ತಿದ್ದಳು, ಮೈಮೇಲೆ ಏನೇನು ಗುರುತಿತ್ತು ಎಂದೆಲ್ಲ ನಮ್ಮನ್ನು ಕೇಳಿಕೊಂಡು, ಮಲಗಿದ ಭಂಗಿ, ಅಳತೆಗೆ ಸರಿಯಾಗಿ, ಸುಟ್ಟು ಕಪ್ಪು ಮಾಡಿ ಕೊಡುತ್ತೇನೆ, ನನಗೆ ದುಡ್ಡಿನ ಜೊತೆ ದೊಡ್ಡ ಜೇಬಿರುವ ಒಂದು ಏಪ್ರನ್ ಹೊಲಿದುಕೊಡಬೇಕು ಎಂದಳು. ನಮ್ಮನೆಯವರ ಮುಖ ಸಣ್ಣದಾಯಿತು. ಆದರೂ ಅಳತೆ ತೆಗೆದುಕೊಂಡರು, ಮನೆಗೆ ಬಂದು ಬಟ್ಟೆ ಕತ್ತರಿಸಿದರು. ಹೊಲಿಯಲು ಮಾತ್ರ ಆಗಲಿಲ್ಲ. ಆ ತುಂಡುಗಳು ಮೇಜಿನ ಮೇಲೆ ಹಾಗೇ ಮಡಚಿಕೊಂಡು ಕೂತವು.

ಅವತ್ತು ಶೆಡ್ಡಿನಲ್ಲಿ ಕಿವಿಯ ಜಗಳ ಬೇರೆ. ದಾರಿ ತೋರಿಸಲು ಸಲೂನಿನವನೂ ಬಂದಿದ್ದ. ಚಿಂದಿಯ ಒಂದು ಕಿವಿ ನೆಟ್ಟಗೆ, ಒಂದು ಜೋತು. ಜೋತದ್ದು ಎಡಗಿವಿ ಎಂದು ನಾವಿಬ್ಬರೂ ಹೇಳಿದೆವು. ಅಲ್ಲವೇ ಅಲ್ಲ, ಬಲಗಿವಿ, ದಿನಾ ನೋಡಿದವನು ನಾನು ಎಂದು ಸಲೂನಿನವನು ಪಟ್ಟು ಹಿಡಿದ. ಸಾಕಿದವರು ನಾವೋ ನೀನೋ ಎಂದು ನಾನು ರೇಗಿದೆ. ತಲೆ ಮೇಲೆ ಕೈ ಇಟ್ಟು ಹೇಳ್ತೀನಿ ಅತ್ತಿಗೆ, ಬಲಗಿವಿ ಎಂದ. ಇಬ್ಬರ ಗದ್ದಲ ಕೇಳಿದ ಮೂರ್ತಿಯಮ್ಮ ಅವನನ್ನೇ, ನೀನು ಕೆಲಸ ಮಾಡುವಾಗ ಯಾವ ಕಡೆ ಮುಖ ಮಾಡಿ ನಿಲ್ಲುತ್ತೀಯ ಎಂದು ಕೇಳಿದಳು. ಕನ್ನಡಿ ಕಡೆ ಎಂದ. ಬೀದಿ ನಿನ್ನ ಬೆನ್ನಿಗಲ್ಲವೇ ಎಂದಳು. ಪಾಪ, ಅಷ್ಟು ವರ್ಷ ಅವನು ನಮ್ಮ ಅಂಗಡಿಯನ್ನು ಕನ್ನಡಿಯಲ್ಲೇ ನೋಡಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮನೆಯವರ ತುಟಿಯೂ ಅಷ್ಟಿಷ್ಟು ಅಲುಗಿತು. ಚಿಂದಿ ಹೋದ ಮೇಲೆ ಅದೇ ಮೊದಲು.

ಹಸಿಮಣ್ಣಿನ ನಾಯಿ ಸಿದ್ಧವಾಗಿದೆ, ಬಂದು ನೋಡಿ ಎಂದು ಹೇಳಿಕಳಿಸಿದಾಗ ಇಬ್ಬರೂ ಓಡಿದೆವು. ಮೂರ್ತಿಯಮ್ಮ ಒದ್ದೆ ಬಟ್ಟೆ ತೆಗೆದಳು. ಕೆಳಗಿದ್ದದ್ದು ಚಿಂದಿಯಲ್ಲ. ಚಿಂದಿಯನ್ನು ನುಂಗಿದ ಯಾವುದೋ ಪ್ರಾಣಿ. ಕುತ್ತಿಗೆಯೇ ಇಲ್ಲ, ಹೊಟ್ಟೆ ಎರಡೂ ಪಕ್ಕಕ್ಕೆ ಹರಡಿದೆ. ನಮ್ಮವಳು ಕೊನೆಗಾಲದಲ್ಲಿ ಪಕ್ಕೆಲುಬು ಎಣಿಸುವ ಹಾಗಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮನೆಯವರು ನನ್ನ ಮೊಣಕೈ ಹಿಡಿದು, ತುಂಬಾ ಚೆನ್ನಾಗಿದೆ ಎಂದುಬಿಟ್ಟರು. ಸ್ವಲ್ಪ ದೊಡ್ಡದು ಕಾಣುತ್ತೆ, ಚಿಂತೆ ಬೇಡ, ಒಣಗಿ ಸುಟ್ಟ ಮೇಲೆ ಕುಗ್ಗುತ್ತೆ ಎಂದಳು ಅವಳು. ಇವರು ತಲೆಯಾಡಿಸಿದರು.

ಮನೆ ಹತ್ತಿರ ಬಂದಾಗ ಇವರು ಹೇಳಿದರು: "ಪಾಪ, ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಅಂದಿದ್ದು ಕಣೇ ಅದು. ಕುಗ್ಗುತ್ತೆ, ಕುಗ್ಗಿದೆ ಅಂತ ನಾನು ಎಷ್ಟು ಜನಕ್ಕೆ ಹೇಳಿಲ್ಲ. ಹೋಗ್ಲಿ ಬಿಡು. ಅಂಗಡಿ ಬಾಡಿಗೆಗೆ ಕೊಡೋಣ."

ನನಗೆ ಮೈಯೆಲ್ಲ ಉರಿಯಿತು. ಮಾರನೆಯ ಬೆಳಗ್ಗೆ ಅವರಿಗೆ ಹೇಳದೆ ಶೆಡ್ಡಿಗೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಗುಡಾಣದ ಹಾಗೆ ಮಾಡಿಟ್ಟು ಕುಗ್ಗುತ್ತೆ ಅಂತೀರಲ್ಲ, ನಮ್ಮ ಕಿವಿಗೆ ಹೂವಿಡ್ತೀರಾ ಎಂದೆ. ಮೂರ್ತಿಯಮ್ಮ ಜಗಳಕ್ಕೆ ನನಗಿಂತ ಒಂದು ಕೈ ಮೇಲೆ. ಆದರೆ ಜಗಳ ಆಡಲಿಲ್ಲ. ಒಂದೇ ಅಚ್ಚಿನಲ್ಲಿ ತೆಗೆದ ಎರಡು ಬಿಲ್ಲೆ ತಂದು ನನ್ನ ಕೈಗಿಟ್ಟಳು, ಒಂದು ಹಸಿ, ಒಂದು ಸುಟ್ಟದ್ದು. ಸುಟ್ಟದ್ದು ನಿಜವಾಗಿಯೂ ಚಿಕ್ಕದು. ಮಣ್ಣು ಕುಗ್ಗುತ್ತದೆ, ಅದಕ್ಕೇ ನಾವು ಮೊದಲೇ ದೊಡ್ಡದು ಮಾಡುತ್ತೇವೆ, ನಿಮ್ಮ ಕೋಟಿಗೆ ಎಷ್ಟು ಬೇಕೋ ಅಷ್ಟೇ ಹೆಚ್ಚು ಬಿಟ್ಟಿದ್ದೇನೆ, ಸುಟ್ಟ ಮೇಲೆ ಕೋಟು ಮೈಗೆ ಅಂಟಿಸಿದ ಹಾಗೆ ಕೂರುತ್ತದೆ, ಎಂದಳು.

ಮೈಗೆ ಅಂಟಿಸಿದ ಹಾಗೆ. ನನಗೆ ಥಟ್ಟನೆ ಹೊಳೆಯಿತು. ಆ ಕೋಟು ಚಿಂದಿಯ ಮೈಗೆ ಯಾವತ್ತು ಅಂಟಿತ್ತು? ಅವಳು ಓಡಿದರೆ ಕೋಟು ಒಂದು ಕಡೆ, ನಾಯಿ ಒಂದು ಕಡೆ. ಎದೆಗೆ ಎರಡು ಬೆರಳು, ಹೊಟ್ಟೆಗೆ ಎರಡು ಬೆರಳು, ಕತ್ತಿಗೆ ಎರಡು ಬೆರಳು. ಇವರು ಬೆಳೆಯುವ ಮೈಗೆಂದು ಬಿಟ್ಟದ್ದನ್ನೆಲ್ಲ ಈಕೆ ಮಣ್ಣು ಹಾಕಿ ತುಂಬಿದ್ದಳು, ಅದರ ಮೇಲೆ ತನ್ನದೂ ಒಂದಿಷ್ಟು ಬಿಟ್ಟಿದ್ದಳು. ನಾನು ಅಲ್ಲೇ ಮಣ್ಣಿನ ರಾಶಿಯ ಮೇಲೆ ಕೂತು ನಕ್ಕೆ. ವಿಷಯ ಗೊತ್ತಾದ ಮೇಲೆ ಅವಳೂ ಹೆಡ್‌ಮಾಸ್ಟರ ತಲೆ ಹಿಡಿದುಕೊಂಡು ನಕ್ಕಳು. "ನಾಯಿಗೂ ಬಿಟ್ಟಿದಾರಾ? ಕರ್ಕೊಂಡ್ ಬನ್ನಿ ಅವರನ್ನ," ಎಂದಳು.

ಕರೆದುಕೊಂಡು ಹೋದೆ, ಎಳೆದುಕೊಂಡು ಎಂದರೂ ಸರಿ. ಎರಡೂ ಬಿಲ್ಲೆಯನ್ನು ಅವರು ಬಹಳ ಹೊತ್ತು ತಿರುಗಿಸಿ ನೋಡಿದರು. ಜೀವಮಾನವಿಡೀ ತಾವು ಹೇಳಿದ ಮಾತು ಜಗತ್ತಿನಲ್ಲಿ ಒಂದು ಕಡೆಯಾದರೂ ನಿಜವಾಗಿತ್ತಲ್ಲ, ಮುಖ ಅರಳಿತು. ಆಮೇಲೆ ತಾವು ಕೋಟಿಗೆ ಸಡಿಲ ಬಿಟ್ಟದ್ದನ್ನು ತಲೆ ತಗ್ಗಿಸಿ ಒಪ್ಪಿಕೊಂಡರು. ಮೂರ್ತಿಯಮ್ಮ ತನ್ನ ಮಣ್ಣನ್ನು ಯಾರಿಗೂ ಮುಟ್ಟಲು ಬಿಡುವವಳಲ್ಲವಂತೆ. ಅವತ್ತು ಮಾತ್ರ, "ಟೈಲರ್ ಮೇಷ್ಟ್ರೇ, ನೀವೇ ಟ್ರಯಲ್ ನೋಡಿಬಿಡಿ," ಎಂದು ಪಕ್ಕಕ್ಕೆ ಸರಿದಳು.

ಇವರು ಕತ್ತಿಗೆ ಟೇಪು ಹಾಕಿಕೊಂಡರು. ತುಟಿಗೆ ಗುಂಡುಸೂಜಿ ಬಂತು. ಕಣ್ಣು ಮುಚ್ಚಿ ಆ ಮಣ್ಣಿನ ಬೆನ್ನಿನ ಮೇಲೆ ಕೈಯಾಡಿಸಿದರು, ದಿನಾ ಸಂಜೆ ಕೋಟು ಬಿಚ್ಚುವಾಗ ಆಡಿಸುತ್ತಿದ್ದ ಹಾಗೆ. ಇಲ್ಲಿ ಹಿಡಿಯಬೇಕು ಎಂದು ಸೂಜಿ ಚುಚ್ಚಿದರು, ಅಲ್ಲಿ ಇಳಿಸಬೇಕು ಎಂದು ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ಸೂಜಿ ಇದ್ದಲ್ಲೆಲ್ಲ ಮೂರ್ತಿಯಮ್ಮ ತಂತಿಯಿಂದ ಕೆರೆದು ಮಣ್ಣು ತೆಗೆದಳು. ಹೊಟ್ಟೆ ಒಳಸೇರಿತು, ಕುತ್ತಿಗೆ ಹೊರಬಂತು. ಭುಜದ ಮೂಳೆ ಎದ್ದಾಗ ನಾನು ಮುಖ ಆಚೆ ತಿರುಗಿಸಿದೆ. ಅಷ್ಟು ಹೊತ್ತೂ ಇವರು ಮೂಗಿನಲ್ಲೇ ಒಂದು ರಾಗ ಗುನುಗುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ, ಹೇಳಿದರೆ ನಿಲ್ಲಿಸಿಬಿಡುತ್ತಾರೆ ಎಂಬ ಭಯ.

ಸುಡುವ ಮೊದಲು ಮೂರ್ತಿಯಮ್ಮ ಒಮ್ಮೆ ಅಂಗಡಿಗೂ ಬಂದಳು, ಇಡುವ ಜಾಗ ನೋಡಬೇಕು ಎಂದು. ಮಿಷನ್ನಿನ ಕೆಳಗೆ ಬಗ್ಗಿ ಅಳೆದಳು. ಇವರನ್ನು ಸ್ಟೂಲಿನ ಮೇಲೆ ಕೂರಿಸಿ, ಹೊಲಿಯುವಾಗ ಕೂರುವ ಹಾಗೇ ಕೂತ್ಕೊಳ್ಳಿ, ಚಪ್ಪಲಿ ಬಿಡಿ ಎಂದಳು. ಇವರ ಸೀಮೆಸುಣ್ಣವನ್ನೇ ತೆಗೆದುಕೊಂಡು ಎಡಪಾದದ ಸುತ್ತ ನೆಲದ ಮೇಲೆ ಗೀಟು ಎಳೆದಳು, ಪಾದದ ಎತ್ತರಕ್ಕೂ ಕಡ್ಡಿ ಹಿಡಿದಳು. ಯಾಕೆ ಎಂದರೆ, ಕಾಲಿಗೆ ತಗುಲಬಾರದಲ್ಲ ಎಂದಳು. ಅವಳು ಹೋದ ಮೇಲೆ ಆ ಗೀಟನ್ನು ಒರೆಸಲು ನನಗೆ ಒದ್ದೆ ಬಟ್ಟೆ ಬೇಕಾಯಿತು. ಗುಡಿಸಿದ ನೆಲದ ಮೇಲೆ ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ.

ಅವಳು ಚಿಂದಿಯನ್ನು ತಂದ ದಿನ ಸಲೂನಿನವನು ಅಂಗಡಿಗೆ ಪರದೆ ಎಳೆದು ಬಂದ. ತಳ್ಳುಗಾಡಿಯಿಂದ ಇಳಿಸಿ, ಗೋಣಿ ಬಿಚ್ಚಿದಳು. ಕಪ್ಪಗೆ, ಮಂಕು ಹೊಳಪಿನ ಮೈ. ಎಡಗಿವಿ ಜೋತಿದೆ. ಪಕ್ಕೆಲುಬು, ಮುದಿ ಹುಬ್ಬು, ಮೂಗಿನ ಮೇಲಿನ ಗಾಯದ ಗುರುತು, ಎಲ್ಲವೂ ಇದೆ. ಅವಳೇ. ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಮಿಷನ್ನಿನ ಕೆಳಗೆ ಇಟ್ಟ ಮೇಲೆ ನೋಡಿದರೆ ಒಂದೇ ಒಂದು ಐಬು. ಕಾಲು, ಹೊಟ್ಟೆ ಎಲ್ಲ ನೆಲಕ್ಕೆ ಕೂತಿದೆ, ಗದ್ದ ಮಾತ್ರ ಗಾಳಿಯಲ್ಲಿ. ನೆಲಕ್ಕೂ ಗದ್ದಕ್ಕೂ ನಡುವೆ ಸಂದಿ. ಇಷ್ಟೆಲ್ಲ ಮಾಡಿ ಕೊನೆಗೆ ಇಲ್ಲಿ ತಪ್ಪಿದಿರಲ್ಲ, ತಲೆ ನೇತಾಡುತ್ತಿದೆ ಎಂದು ನಾನು ಶುರುಮಾಡಿದೆ.

"ಸ್ವಲ್ಪ ತಡೀರಿ ಅಮ್ಮ," ಎಂದಳು ಮೂರ್ತಿಯಮ್ಮ. "ಮೇಷ್ಟ್ರೇ, ಕೂತ್ಕೊಳ್ಳಿ."

ಇವರು ಚಪ್ಪಲಿ ಬಿಟ್ಟು ಕೂತರು. ಬಲಗಾಲು ಪೆಡಲಿಗೆ ಹೋಯಿತು. ಎಡಗಾಲು ಹಿಂದೆ ಸರಿಯಿತು, ಮುಂದೆ ಬಂತು, ಒಂದು ಗಳಿಗೆ ನಿಂತಿತು. ಆಮೇಲೆ ಮೆಲ್ಲಗೆ ಆ ಸಂದಿಯೊಳಗೆ ಜಾರಿತು. ಬಿಗಿಯಲಿಲ್ಲ, ಸಡಿಲವೂ ಆಗಲಿಲ್ಲ. ಪಾದದ ಮೇಲೆ ಗದ್ದ ಬಂದು ಕೂತಿತು.

ಇವರು ತಲೆ ಬಗ್ಗಿಸಿಕೊಂಡೇ ಇದ್ದರು, ಭುಜ ಅಲುಗುತ್ತಿತ್ತು. ನಾನು ಹೋಗಿ ಬೆನ್ನ ಮೇಲೆ ಕೈ ಇಟ್ಟೆ. "ತಣ್ಣಗಿದಾಳೆ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಈಗ ಬೆಚ್ಚಗಾಗ್ತಿದಾಳೆ," ಎಂದರು. ಅವರದೇ ಕಾಲಿನ ಬಿಸಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ನನಗೂ ಅಷ್ಟು ಬುದ್ಧಿ ಇದೆ. ನಾನು ಮೇಜಿನ ಮೇಲಿದ್ದ ಏಪ್ರನ್ನಿನ ತುಂಡುಗಳನ್ನು ತಂದು ಮುಂದೆ ಇಟ್ಟೆ. ಕಣ್ಣೊರೆಸಿಕೊಂಡು ದಾರ ಪೋಣಿಸಿದರು. ಮಿಷನ್ನು ಗುರ್ರೆಂದಿತು. ಮೊದಲ ಜೇಬಿನ ಅಂಚು ಗೀಟು ಎಳೆದ ಹಾಗೆ ನೆಟ್ಟಗೆ ಬಂತು. ಸಲೂನಿನವನು ಮೂಗು ಸೊರಸೊರ ಎನಿಸುತ್ತಾ, ಕಿವಿ ಮಾತ್ರ ನನಗೆ ಇನ್ನೂ ಅನುಮಾನ ಎಂದ. ಎಲ್ಲರೂ ನಕ್ಕೆವು, ಅತ್ತ ಮುಖದಲ್ಲೇ.

ಏಪ್ರನ್ನು ಅವತ್ತೇ ಮುಗಿಯಿತು. ಹಾಕಿಕೊಂಡು ನೋಡಿದ ಮೂರ್ತಿಯಮ್ಮ ಸೊಂಟದ ಹತ್ತಿರ ಎರಡು ಬೆರಳು ತೂರಿಸಿ, ಏನ್ರೀ ಇದು ಎಂದಳು. ಬಟ್ಟೆ ನೀರಿಗೆ ಕುಗ್ಗುತ್ತೆ ಅಂತ ಬಿಟ್ಟಿದೀನಿ ಮೇಡಂ ಎಂದರು ಇವರು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. ಅವಳು ನಕ್ಕ ನಗುವಿಗೆ ಕಿಟಕಿಯ ಗಾಜು ನಡುಗಿತು.

ಬಾಡಿಗೆಯ ಮಾತು ಮತ್ತೆ ಯಾರೂ ಎತ್ತಿಲ್ಲ. ವಾಪಸು ಹೋದ ಬಟ್ಟೆಗಳೆಲ್ಲ ತಿರುಗಿ ಬಂದಿವೆ. ಫೋನು ಹೊಡೆದುಕೊಂಡರೆ ಮತ್ತೆ ನನಗೇ ಕೈಸನ್ನೆ. ಮೊನ್ನೆ ಚಳಿ ಶುರುವಾದಾಗ ನಾನು, ಬಟ್ಟೆ ಹೊದಿಸಿದರೆ ಧೂಳು ಕೂರುವುದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡು, ಚೌಕಳಿ ಕೋಟನ್ನು ಅವಳಿಗೆ ಹಾಕಿದೆ. ಸಡಿಲವೇ. ಎದೆಯ ಹತ್ತಿರ ನನ್ನ ಎರಡು ಬೆರಳು ಸಲೀಸಾಗಿ ಹೋದವು. ಇನ್ನಾದರೂ ಇದನ್ನ ಸರಿಯಾಗಿ ಹಿಡಿದು ಹೊಲಿಯಿರಿ, ಇವಳೇನು ಇನ್ನು ದಪ್ಪ ಆಗಲ್ಲ ಎಂದೆ.

ಇವರು ಮಿಷನ್ನು ನಿಲ್ಲಿಸಲಿಲ್ಲ. ಎಡಗಾಲನ್ನು ಅಲ್ಲಾಡಿಸಲೂ ಇಲ್ಲ.

"ಇರ್ಲಿ ಬಿಡೇ," ಎಂದರು. "ಬೆಳೆಯೋ ಮೈ."

ನಾನು ಸ್ಟೂಲಿಗೆ ವಾಪಸು ಬಂದು ಕೂತು, ಕಾಜಾ ಹಾಕಲು ಸೂಜಿ ಎತ್ತಿಕೊಂಡೆ.